ಕಾಲಿನ ಉಬ್ಬಿದ ನರಕ್ಕೆ ಲೇಸರ್, ಗ್ಲೂ, ಫೋಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಪಿಯು ಕಾಲೇಜಿನಲ್ಲಿ ಬಯಾಲಜಿ ಮೇಷ್ಟ್ರು. 20 ವರ್ಷ ಬೋರ್ಡಿನ ಮುಂದೆ ನಿಂತು ನಿಂತು ಎಡಗಾಲಿನ ನರ ಸೆಣಬಿನ ಹಗ್ಗದ ಹಾಗೆ ಎದ್ದು, ಕೊನೆಗೆ ಲೇಸರ್ ಮಾಡಿಸಿಕೊಂಡೆ. ಮಾಡಿಸುವ ಮುಂಚೆ ಭಯಕ್ಕೆ ಓದಲು ಶುರು ಮಾಡಿದ್ದು, ಮುಗಿದ ಮೇಲೂ ಆ ಚಟ ಬಿಡಲಿಲ್ಲ. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ ಯಾರಾದರೊಬ್ಬರು ಪಂಚೆ ಎತ್ತಿ ಕಾಲು ತೋರಿಸಿ "ಸಾರ್, ಇದಕ್ಕೆ ಏನು ಮಾಡೋದು" ಅಂತ ಕೇಳದ ತಿಂಗಳಿಲ್ಲ. ಅವರಿಗೆಲ್ಲ ಹೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಹೊಸ ಸಂಶೋಧನೆ ಏನು ಹೇಳುತ್ತಿದೆ ಅನ್ನೋದೇ ಜಾಸ್ತಿ ಇದೆ. ಮಷೀನಿನ ಹೆಸರು ರಸ್ತೆ ಬದಿಯ ಬೋರ್ಡಿನಲ್ಲೂ ಸಿಗುತ್ತದೆ, ಅದರ ಹಿಂದಿನ ಲೆಕ್ಕ ಅಲ್ಲಿ ಸಿಗುವುದಿಲ್ಲ.

ನರ ಉಬ್ಬಿದೆ ಅಂದರೆ ನರದ ಡಾಕ್ಟರ್ ಹತ್ತಿರ ಹೋಗಬೇಕಾ?

ಬೇಡ. ನಮ್ಮ ಭಾಷೆಯ ರಗಳೆ ಇದು. ನೋವು ಹೊತ್ತೊಯ್ಯುವುದೂ ನರ, ರಕ್ತ ಹೊತ್ತೊಯ್ಯುವುದೂ ನರ ಅಂತ ಒಂದೇ ಪದ ಬಳಸುತ್ತೇವೆ. ಇಲ್ಲಿ ಉಬ್ಬಿರುವುದು ರಕ್ತನಾಳ, ಅದರಲ್ಲೂ ಕಾಲಿನಿಂದ ಹೃದಯಕ್ಕೆ ರಕ್ತ ವಾಪಸ್ ಕಳಿಸುವ ವೇನ್. ಡಾಕ್ಟರುಗಳು ಇದನ್ನು ವೆರಿಕೋಸ್ ವೇನ್ಸ್ ಅನ್ನುತ್ತಾರೆ. ನೋಡಬೇಕಾದವರು ವ್ಯಾಸ್ಕ್ಯುಲರ್ ಸರ್ಜನ್, ಅಂದರೆ ರಕ್ತನಾಳದ ಸರ್ಜನ್.

ತೋಟದ ಬಾವಿಗೆ ಪಂಪ್ ಇಟ್ಟವರಿಗೆ ಇದನ್ನು ವಿವರಿಸುವುದು ಸುಲಭ. ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದಲ್ಲ, ಮೇಲೆ ಬಂದ ನೀರು ಕೆಳಗೆ ಇಳಿಯದ ಹಾಗೆ ತಡೆಯುವುದು. ಕಾಲಿನ ವೇನ್‌ಗಳಲ್ಲೂ ಉದ್ದಕ್ಕೂ ಅಂಥ ಪುಟ್ಟ ಪುಟ್ಟ ಕವಾಟಗಳಿವೆ. ಪಂಪಿನ ಕೆಲಸ ಮೀನಖಂಡದ್ದು. ನಡೆದಾಗಲೆಲ್ಲ ಅದು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕವಾಟ ಸೋರಲು ಶುರುವಾದರೆ ತಳ್ಳಿದ ರಕ್ತ ಮತ್ತೆ ಕೆಳಗೆ ಬರುತ್ತದೆ, ಒತ್ತಡ ಏರುತ್ತದೆ, ಚರ್ಮದ ಕೆಳಗಿನ ನಾಳಗಳು ಹಿಗ್ಗಿ ಸುತ್ತಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಕಾಣುವ ಗಂಟುಗಳು ಕಾಯಿಲೆಯ ಕೊನೆಯ ಭಾಗ. ಸೋರುವ ಜಾಗ ಹೆಚ್ಚಾಗಿ ಮೇಲೆ ಎಲ್ಲೋ ಇರುತ್ತದೆ, ತೊಡೆಸಂದಿನಿಂದ ಪಾದದವರೆಗೆ ಒಳಮಗ್ಗುಲಲ್ಲಿ ಇಳಿಯುವ ಗ್ರೇಟ್ ಸಫೀನಸ್ ಅನ್ನೋ ಉದ್ದದ ವೇನ್‌ನಲ್ಲಿ.

ಬರೀ ನಿಂತು ಕೆಲಸ ಮಾಡೋದರಿಂದ ಬರುತ್ತಾ?

ಹೋಟೆಲ್ ಭಟ್ಟರು, ಬಸ್ ಕಂಡಕ್ಟರ್‌ಗಳು, ಟ್ರಾಫಿಕ್ ಪೊಲೀಸರು, ನಮ್ಮಂಥ ಮೇಷ್ಟ್ರುಗಳು, ಎಲ್ಲರಿಗೂ ಇದೇ ದೂರು. ನಿಂತರೆ ಜಾಸ್ತಿಯಾಗುವುದು ನಿಜ. ಆದರೆ ಜೀವನ ಪೂರ್ತಿ ನಿಂತೂ ಏನೂ ಆಗದವರು ಇದ್ದಾರೆ, ಎಸಿ ರೂಮಲ್ಲಿ ಕೂತು ಕೆಲಸ ಮಾಡುವವರಿಗೂ ಬಂದಿದೆ. ಮನೆತನದ ಪಾಲು ದೊಡ್ಡದು. ಜನರ ಆರೋಗ್ಯ ಮತ್ತು ಜೀನ್‌ಗಳ ಮಾಹಿತಿ ಕೂಡಿಟ್ಟ ಬ್ರಿಟನ್ನಿನ ಬಯೋಬ್ಯಾಂಕ್‌ನ 4,93,519 ಜನರ ಮಾಹಿತಿ ಇಟ್ಟುಕೊಂಡು 2018ರಲ್ಲಿ ಬಂದ ಅಧ್ಯಯನ ಒಂದು ತಮಾಷೆಯ ವಿಷಯ ಹೇಳಿತು: ಎತ್ತರ ಇದ್ದವರಿಗೆ ಇದು ಬರುವ ಸಾಧ್ಯತೆ ಜಾಸ್ತಿ, ಅದೂ ಎತ್ತರವನ್ನು ನಿರ್ಧರಿಸುವ ಜೀನ್‌ಗಳ ಮಟ್ಟದಲ್ಲೇ. 2022ರಲ್ಲಿ ಆಕ್ಸ್‌ಫರ್ಡ್ ತಂಡ ಜೀನೋಮ್‌ನಲ್ಲಿ ಇದಕ್ಕೆ ಸಂಬಂಧಪಟ್ಟ 46 ಜಾಗಗಳನ್ನು ಗುರುತಿಸಿತು. ಇದರಿಂದ ನಾಳೆಯೇ ಮಾತ್ರೆ ಬರುತ್ತದೆ ಅಂತಲ್ಲ. ಆದರೆ ರಕ್ತನಾಳದ ಗೋಡೆಯೇ ಯಾಕೆ ಸಡಿಲವಾಗುತ್ತದೆ ಅನ್ನುವ ಕಡೆ ಸಂಶೋಧನೆ ತಿರುಗಿದೆ. ನಾನು 6 ಅಡಿ 1 ಇಂಚು. ಇನ್ನು ಮೇಲೆ ಬೋರ್ಡಿನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಮೊದಲೆಲ್ಲ ಕಾಲು ಕೊಯ್ದು ನರ ಎಳೆದು ತೆಗೆಯುತ್ತಿದ್ದರಲ್ಲ, ಅದು ಏನಾಯಿತು?

ಇನ್ನೂ ಇದೆ, ಪಕ್ಕಕ್ಕೆ ಸರಿದಿದೆ ಅಷ್ಟೆ. 1890ರ ಸುಮಾರಿಗೆ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ತೊಡೆಯಲ್ಲಿ ಈ ವೇನ್ ಕಟ್ಟಿಹಾಕಿದರು. 1907ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ನಾಳದ ಒಳಗೆ ತಂತಿ ತೂರಿಸಿ ಇಡೀ ವೇನ್ ಎಳೆದು ತೆಗೆಯುವ ದಾರಿ ತೋರಿಸಿದರು. ಮುಂದಿನ 90 ವರ್ಷ ಎಲ್ಲರೂ ಹೆಚ್ಚುಕಡಿಮೆ ಅದನ್ನೇ ಮಾಡಿದ್ದು. ಬೆನ್ನಿಗೆ ಇಂಜೆಕ್ಷನ್ ಅಥವಾ ಪೂರ್ತಿ ಅರಿವಳಿಕೆ, ತೊಡೆಯೆಲ್ಲ ಕಪ್ಪುನೀಲಿ, ವಾರಗಟ್ಟಲೆ ರಜೆ.

1999ರ ಸುಮಾರಿಗೆ ಲೆಕ್ಕ ಬದಲಾಯಿತು. ಸ್ಪೇನ್‌ನಲ್ಲಿ ಲೇಸರ್, ಅಮೆರಿಕದಲ್ಲಿ ರೇಡಿಯೋಫ್ರೀಕ್ವೆನ್ಸಿ (ಚುಟುಕಾಗಿ ಆರ್‌ಎಫ್‌ಎ), ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಕೆಟ್ಟ ವೇನ್ ಕಿತ್ತು ತೆಗೆಯುವುದು ಯಾಕೆ, ಇದ್ದಲ್ಲೇ ಒಳಗಿನಿಂದ ಸುಟ್ಟು ಮುಚ್ಚಿದರೆ ಸಾಲದಾ ಅನ್ನೋದು ಯೋಚನೆ. ಒಂದು ಸೂಜಿತೂತು, ಹೊಲಿಗೆ ಇಲ್ಲ, ಅದೇ ದಿನ ಮನೆಗೆ. ನಾನು ಬೆಳಿಗ್ಗೆ ಹೋಗಿ ಸಂಜೆ ಕಾಫಿಗೆ ಮನೆಯಲ್ಲಿದ್ದೆ.

ಒಂದು ರಕ್ತನಾಳವನ್ನೇ ಮುಚ್ಚಿಬಿಟ್ಟರೆ ರಕ್ತ ಎಲ್ಲಿ ಹೋಗುತ್ತೆ?

ಕಾಲಿನ ರಕ್ತದಲ್ಲಿ ಸುಮಾರು 90% ಮೇಲೆ ಹೋಗುವುದು ಮಾಂಸಖಂಡದ ಒಳಗಿರುವ ಆಳದ ವೇನ್‌ಗಳಲ್ಲಿ. ನಾವು ಮುಚ್ಚುವುದು ಚರ್ಮಕ್ಕೆ ಹತ್ತಿರದ ಪಕ್ಕದ ರಸ್ತೆ, ಅದೂ ಈಗಾಗಲೇ ಉಲ್ಟಾ ಹರಿಯುತ್ತಿರುವ ರಸ್ತೆ. ಮುಚ್ಚಿದರೆ ಕಾಲಿಗೆ ಹೊರೆ ಕಡಿಮೆ. ಆದರೆ ಆಳದ ವೇನ್‌ನಲ್ಲೇ ಹಳೆಯ ಹೆಪ್ಪು ಕೂತು ದಾರಿ ಬಂದ್ ಆಗಿದ್ದರೆ ಕಥೆಯೇ ಬೇರೆ, ಆಗ ಈ ಪಕ್ಕದ ರಸ್ತೆಯೇ ಆಧಾರ ಆಗಿರಬಹುದು. ಸ್ಕ್ಯಾನ್ ಇಲ್ಲದೆ ಯಾರೂ ಕೈ ಹಾಕಬಾರದು ಅನ್ನೋದು ಇದಕ್ಕೇ.

"ಮುಂದೆ ಹಾರ್ಟ್ ಬೈಪಾಸ್‌ಗೆ ಕಾಲಿನ ನರ ಬೇಕಾದರೆ?" ಅಂತ ಅಣ್ಣನೂ ಕೇಳಿದ. ಒಳ್ಳೆಯ ಪ್ರಶ್ನೆಯೇ. ಹಿಗ್ಗಿ ಸುತ್ತಿಕೊಂಡ ವೇನ್ ಬೈಪಾಸ್‌ಗೆ ಹೆಚ್ಚಾಗಿ ಕೆಲಸಕ್ಕೆ ಬರುವುದಿಲ್ಲ. ಎದೆಯ ಒಳಗಿನ ರಕ್ತನಾಳ, ಕೈಯದು, ಇನ್ನೊಂದು ಕಾಲಿನದು ಇರುತ್ತವೆ. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ, ಅಷ್ಟೆ.

ಡಾಪ್ಲರ್ ಸ್ಕ್ಯಾನ್ ಬೇಕೇ ಬೇಕಾ? ಕಣ್ಣಿಗೇ ಕಾಣಿಸ್ತಿದೆಯಲ್ಲ?

ಬೇಕು. ಡಾಪ್ಲರ್ ಅಂದರೆ ನಾಳದಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಅಂತ ತೋರಿಸುವ ಅಲ್ಟ್ರಾಸೌಂಡ್ ಸ್ಕ್ಯಾನ್. ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಡುತ್ತೀರಾದರೆ ಇದನ್ನು ಇಡಿ. ಯಾವ ಮಷೀನ್ ಅನ್ನೋದಕ್ಕಿಂತ ಯಾವ ವೇನ್ ಎಲ್ಲಿಂದ ಸೋರುತ್ತಿದೆ ಅನ್ನೋದು ದೊಡ್ಡ ಪ್ರಶ್ನೆ. ಮೀನಖಂಡ ಹಿಂಡಿ ಬಿಟ್ಟಾಗ ರಕ್ತ ಅರ್ಧ ಸೆಕೆಂಡಿಗಿಂತ ಜಾಸ್ತಿ ಹೊತ್ತು ಹಿಂದಕ್ಕೆ ಹರಿದರೆ ಮೇಲ್ಭಾಗದ ವೇನ್ ಸೋರುತ್ತಿದೆ ಅಂತ ಲೆಕ್ಕ. ತೊಡೆಯ ಮತ್ತು ಮಂಡಿ ಹಿಂದಿನ ಆಳದ ವೇನ್‌ಗಳಿಗೆ 1 ಸೆಕೆಂಡ್.

ಈ ಸ್ಕ್ಯಾನನ್ನು ರೋಗಿಯನ್ನು ನಿಲ್ಲಿಸಿಕೊಂಡು ಮಾಡಬೇಕು. ನನ್ನ ಮೊದಲ ಸ್ಕ್ಯಾನ್ ಒಂದು ಸೆಂಟರಿನಲ್ಲಿ ಹಾಸಿಗೆ ಮೇಲೆ ಮಲಗಿಸಿ 5 ನಿಮಿಷದಲ್ಲಿ ಮುಗಿಸಿದರು, "ನಾರ್ಮಲ್" ಅಂತ ರಿಪೋರ್ಟ್ ಬಂತು. ಮಲಗಿದವನ ಕಾಲಲ್ಲಿ ಗುರುತ್ವವೇ ಕೆಲಸ ಮಾಡದಿದ್ದರೆ ರಕ್ತ ಹಿಂದಕ್ಕೆ ಯಾಕೆ ಬರುತ್ತದೆ ಹೇಳಿ? ಆಮೇಲೆ ಬೇರೆ ಕಡೆ ನಿಲ್ಲಿಸಿ ನೋಡಿದಾಗ ತೊಡೆಸಂದಿನಿಂದಲೇ ಸೋರುತ್ತಿತ್ತು. ಒಂದು ವರ್ಷ ಸುಮ್ಮನೆ ಹೋಯಿತು.

ಲೇಸರ್ ಒಳ್ಳೆಯದಾ, ಆರ್‌ಎಫ್‌ಎ ಒಳ್ಳೆಯದಾ?

ಅತಿ ಜಾಸ್ತಿ ಬರುವ ಪ್ರಶ್ನೆ, ಉತ್ತರ ಮಾತ್ರ ಸಪ್ಪೆ: ವೇನ್ ಮುಚ್ಚುವ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಎರಡೂ ಶಾಖದ ಆಟ. ಮಂಡಿ ಹತ್ತಿರ ಅಥವಾ ಅದರ ಕೆಳಗೆ ಸೂಜಿ ಹಾಕಿ, ಸ್ಕ್ಯಾನ್ ನೋಡುತ್ತಾ ಸಣ್ಣ ತಂತಿಯನ್ನು ತೊಡೆಸಂದಿನವರೆಗೆ ಏರಿಸುತ್ತಾರೆ. ಆರ್‌ಎಫ್‌ಎ ತಂತಿಯ ತುದಿಯ 7 ಸೆಂಟಿಮೀಟರ್ ಭಾಗ 120 ಡಿಗ್ರಿಗೆ ಬಿಸಿಯಾಗುತ್ತದೆ, ಒಂದೊಂದು ತುಂಡಿಗೆ 20 ಸೆಕೆಂಡ್. ಹಾಗೇ ಹಿಂದಕ್ಕೆ ಎಳೆಯುತ್ತಾ ಬರುತ್ತಾರೆ. ಲೇಸರಿನಲ್ಲಿ ಫೈಬರ್ ತುದಿಯಿಂದ ಬೆಳಕು ಬರುತ್ತದೆ, ಅದನ್ನು ನಿಧಾನಕ್ಕೆ ಎಳೆಯುತ್ತಾರೆ. ಶಾಖಕ್ಕೆ ನಾಳದ ಗೋಡೆ ಕುಗ್ಗಿ ಮುಚ್ಚಿಕೊಳ್ಳುತ್ತದೆ, ಮುಂದೆ ತಿಂಗಳುಗಳಲ್ಲಿ ದೇಹವೇ ಅದನ್ನು ಕರಗಿಸಿ ದಾರದಂತೆ ಮಾಡುತ್ತದೆ.

ಡೆನ್ಮಾರ್ಕ್‌ನಲ್ಲಿ 500 ಜನರನ್ನು ನಾಲ್ಕು ಗುಂಪು ಮಾಡಿ ಲೇಸರ್, ಆರ್‌ಎಫ್‌ಎ, ಫೋಮ್, ಹಳೆಯ ಎಳೆಯುವ ಆಪರೇಷನ್ ಹೋಲಿಸಿದರು, ಫಲಿತಾಂಶ 2011ರಲ್ಲಿ ಬಂತು. ಒಂದು ವರ್ಷದ ಮೇಲೆ ವೇನ್ ಸರಿಯಾಗಿ ಮುಚ್ಚದೆ ಉಳಿದಿದ್ದು ಲೇಸರಿನಲ್ಲಿ 5.8%, ಆರ್‌ಎಫ್‌ಎಯಲ್ಲಿ 4.8%, ಆಪರೇಷನ್ನಿನಲ್ಲೂ 4.8%, ಫೋಮ್‌ನಲ್ಲಿ 16.3%. ನೋವು ಮಾತ್ರ ಆರ್‌ಎಫ್‌ಎಯಲ್ಲಿ ಕಡಿಮೆ ಇತ್ತು, ಲೇಸರಿನಲ್ಲಿ ಜಾಸ್ತಿ. ಕೆಲಸಕ್ಕೆ ವಾಪಸಾಗಲು ಆರ್‌ಎಫ್‌ಎ ಮತ್ತು ಫೋಮ್ ಗುಂಪಿಗೆ ಸರಾಸರಿ 2.9 ದಿನ, ಲೇಸರಿಗೆ 3.6, ಆಪರೇಷನ್ನಿಗೆ 4.3.

ಇಲ್ಲೊಂದು ಕೊಕ್ಕೆ ಇದೆ. ಆ ಅಧ್ಯಯನದಲ್ಲಿ ಬಳಸಿದ್ದು ತುದಿಯಿಂದ ಮುಂದಕ್ಕೆ ಉರಿಯುವ ಹಳೆಯ ಮಾದರಿಯ ಫೈಬರ್. ಶುರುವಿನ ಲೇಸರ್‌ಗಳು 810, 940, 980 ನ್ಯಾನೋಮೀಟರ್ ಬೆಳಕಿನವು, ಅವು ಹೆಚ್ಚಾಗಿ ರಕ್ತವನ್ನು ಬಿಸಿ ಮಾಡುತ್ತಿದ್ದವು, ಗೋಡೆಯಲ್ಲಿ ಅಲ್ಲಲ್ಲಿ ತೂತಾಗುತ್ತಿತ್ತು, ತೊಡೆ ಕಪ್ಪಾಗುತ್ತಿತ್ತು. ಈಗಿನ 1470 ನ್ಯಾನೋಮೀಟರ್ ಬೆಳಕನ್ನು ನೀರಿನ ಅಂಶ ಚೆನ್ನಾಗಿ ಹೀರುತ್ತದೆ, ಗೋಡೆಯಲ್ಲಿ ನೀರು ಇರುವುದರಿಂದ ಕಡಿಮೆ ಶಕ್ತಿ ಸಾಕು. ಜೊತೆಗೆ ರೇಡಿಯಲ್ ಫೈಬರ್ ಸುತ್ತಲೂ ಸಮನಾಗಿ ಹರಡುತ್ತದೆ. ಹೀಗಾಗಿ ಹಳೆಯ ನೋವಿನ ಅಂಕಿ ಈಗಿನ ಲೇಸರಿಗೆ ಹಾಗೇ ಹೊಂದುವುದಿಲ್ಲ. ನಿಮ್ಮ ಡಾಕ್ಟರಿಗೆ ಯಾವುದರಲ್ಲಿ ಕೈ ಪಳಗಿದೆಯೋ ಅದನ್ನೇ ಮಾಡಿಸಿ. ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಸುಡುವುದು ಸರಿ, ಆದರೆ ತೊಡೆಗೆ ಹತ್ತಾರು ಸೂಜಿ ಚುಚ್ಚುತ್ತಾರಂತಲ್ಲ?

ಹೌದು, ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ನನಗೆ ನೆನಪಿರುವುದೇ ಅದು. ವೇನ್ ಸುತ್ತಲೂ ಮರಗಟ್ಟಿಸುವ ಔಷಧಿಯನ್ನು ಬಹಳ ತೆಳು ಮಾಡಿದ ನೀರು ತುಂಬುತ್ತಾರೆ. ಮೂರು ಲಾಭ ಅದರಿಂದ: ನೋವು ಗೊತ್ತಾಗುವುದಿಲ್ಲ, ನಾಳ ತಂತಿಗೆ ಒತ್ತಿಕೊಳ್ಳುತ್ತದೆ, ಶಾಖ ಚರ್ಮಕ್ಕೂ ಪಕ್ಕದ ನಿಜವಾದ ನರಕ್ಕೂ ತಾಗುವುದಿಲ್ಲ. ಲೈಪೋಸಕ್ಷನ್‌ನವರು, ಅಂದರೆ ಮೈಯ ಕೊಬ್ಬು ಹೀರಿ ತೆಗೆಯುವವರು, 1980ರ ದಶಕದಲ್ಲಿ ಬಳಕೆಗೆ ತಂದ ಉಪಾಯ.

ಈ ಚುಚ್ಚು ತಪ್ಪಿಸಬೇಕು ಅನ್ನೋದೇ ಕಳೆದ 15 ವರ್ಷದ ಅರ್ಧ ಸಂಶೋಧನೆಯ ಗುರಿ. ಶಾಖ ಇಲ್ಲದಿದ್ದರೆ ಈ ನೀರೂ ಬೇಡ. ಹಾಗೆ ಬಂದ ಮೊದಲನೆಯದು ಮೋಕಾ. ತುದಿಯಲ್ಲಿ ಗಿರಗಿರ ತಿರುಗುವ ಸಣ್ಣ ತಂತಿ ನಾಳದ ಒಳಗೋಡೆಯನ್ನು ಕೆರೆಯುತ್ತದೆ, ಅದೇ ಹೊತ್ತಿಗೆ ನಾಳ ಮುಚ್ಚಿಸುವ ಔಷಧಿ ಸುರಿಯುತ್ತದೆ. ಕೇಳಲು ಚೆನ್ನ, ಒಂದಷ್ಟು ವರ್ಷ ಎಲ್ಲರೂ ಹೊಗಳಿದರು. ಆಮೇಲೆ ಇಂಗ್ಲೆಂಡಿನ ಹಲ್‌ನಲ್ಲಿ 150 ಜನರ ಮೇಲೆ ಇದನ್ನೂ ಲೇಸರನ್ನೂ ಹೋಲಿಸಿದ ಲಾಮಾ ಅಧ್ಯಯನದಲ್ಲಿ ಒಂದು ವರ್ಷಕ್ಕೆ ವೇನ್ ಮುಚ್ಚಿಕೊಂಡೇ ಇದ್ದದ್ದು ಮೋಕಾದಲ್ಲಿ 77%, ಲೇಸರಿನಲ್ಲಿ 91%. ಸರಿಯಾಗಿ ಅರಿವಳಿಕೆ ಕೊಟ್ಟರೆ ನೋವಿನಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಂದರೆ ಸೂಜಿ ತಪ್ಪಿಸಲು ಹೋಗಿ ಕೆಲಸವೇ ಅರ್ಧಂಬರ್ಧ ಆಗಬಹುದು. ಎರಡನೆಯದು ಗ್ಲೂ.

ಗ್ಲೂ ಅಂದರೆ ಫೆವಿಕ್ವಿಕ್ ಥರದ್ದಾ? ದೇಹದಲ್ಲೇ ಉಳಿದರೆ ತೊಂದರೆ ಇಲ್ವಾ?

ಅದೇ ಜಾತಿಯದು, ಸೈನೋಆಕ್ರಿಲೇಟ್. ದೇಹಕ್ಕೆ ಹೊಂದುವ ಹಾಗೆ ಮಾಡಿದ್ದು. ಹನಿ ಹನಿಯಾಗಿ ನಾಳದ ಒಳಗೆ ಬಿಟ್ಟು ಮೇಲಿನಿಂದ ಒತ್ತಿ ಹಿಡಿಯುತ್ತಾರೆ, ಗೋಡೆಗಳು ಅಂಟಿಕೊಳ್ಳುತ್ತವೆ. ವೀನಾಸೀಲ್ ಅನ್ನೋ ಗ್ಲೂಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಆಧಾರ 222 ಜನರ ವೀಕ್ಲೋಸ್ ಅಧ್ಯಯನ, ಗ್ಲೂ ಒಂದು ಕಡೆ, ಆರ್‌ಎಫ್‌ಎ ಇನ್ನೊಂದು ಕಡೆ. ಐದು ವರ್ಷದ ಮೇಲೂ ವೇನ್ ಮತ್ತೆ ತೆರೆದುಕೊಳ್ಳದೆ ಇದ್ದದ್ದು ಗ್ಲೂನಲ್ಲಿ 91.4%, ಆರ್‌ಎಫ್‌ಎಯಲ್ಲಿ 85.2%. ಗ್ಲೂ ಕಮ್ಮಿಯಿಲ್ಲ ಅಂತ ತೋರಿಸಿತು, ಗೆದ್ದಿತು ಅಂತ ಅಲ್ಲ. ಖರ್ಚು ಹಾಕಿದ್ದು ಗ್ಲೂ ಕಂಪನಿಯೇ ಅನ್ನೋದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಸುಳ್ಳು ಅಂತಲ್ಲ, ಪೇಪರ್ ಓದುವ ಕ್ರಮ ಅದು.

ತೊಂದರೆ ಎಂದರೆ ಅಲರ್ಜಿ. ಅಮೆರಿಕದ ಒಂದು ವರದಿಯಲ್ಲಿ ನೂರಕ್ಕೆ ಸುಮಾರು 6 ಜನರಿಗೆ ಕೆಲವು ದಿನ ಬಿಟ್ಟು ತೊಡೆ ಕೆಂಪಾಗಿ ಕೆರೆತ, ಊತ ಬಂದಿತ್ತು. ಬಹಳಷ್ಟು ಮಾತ್ರೆಗೆ ಇಳಿಯುತ್ತದೆ. ಅಪರೂಪಕ್ಕೆ ಜಗ್ಗದೆ, ಅಂಟಿದ ವೇನ್ ಅನ್ನೇ ಕೊಯ್ದು ತೆಗೆಯಬೇಕಾದ ಪ್ರಸಂಗಗಳೂ ದಾಖಲಾಗಿವೆ. ಕೃತಕ ಉಗುರು, ರೆಪ್ಪೆಕೂದಲು ಅಂಟಿಸುವ ಗೋಂದಿಗೆ, ಬ್ಯಾಂಡೇಜ್ ಅಂಟಿಗೆ ಮೈ ಕೆರೆಯುವವರು ಮೊದಲೇ ಹೇಳಿ. ನಿಜವಾದ ನರಕ್ಕೆ ಶಾಖ ತಾಗುವ ಭಯ ಇರುವ ಜಾಗದಲ್ಲಿ, ಅಂದರೆ ಮಂಡಿಯ ಕೆಳಗೆ, ಹಿಂಬದಿಯ ಸಣ್ಣ ಸಫೀನಸ್ ವೇನ್‌ನಲ್ಲಿ, ಗ್ಲೂಗೆ ನಿಜವಾದ ಅನುಕೂಲ ಇದೆ. ಯುರೋಪಿನ 2022ರ ಮಾರ್ಗಸೂಚಿ ಈಗಲೂ ಮೊದಲ ಆಯ್ಕೆ ಶಾಖಕ್ಕೇ ಕೊಡುತ್ತದೆ, ಶಾಖ ಬೇಡ ಅನ್ನುವ ಕಡೆ ಗ್ಲೂ.

ಫೋಮ್ ಇಂಜೆಕ್ಷನ್ ಅಗ್ಗ ಅಂತಾರೆ. ಅದನ್ನೇ ಮಾಡಿಸಿದರೆ?

ಅಗ್ಗ ಹೌದು. ಎರಡು ಸಿರಿಂಜ್, ನಡುವೆ ಮೂರು ದಾರಿಯ ನಲ್ಲಿ. ಒಂದರಲ್ಲಿ ನಾಳ ಮುಚ್ಚಿಸುವ ಔಷಧಿ, ಪಾಲಿಡೋಕನಾಲ್ ಅಥವಾ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್, ಇನ್ನೊಂದರಲ್ಲಿ ಗಾಳಿ. ಆ ಕಡೆ ಈ ಕಡೆ ಜೋರಾಗಿ ತಳ್ಳಿದರೆ ಶೇವಿಂಗ್ ಕ್ರೀಮಿನಂಥ ನೊರೆ. ಇಟಲಿಯ ಟೆಸ್ಸಾರಿ ತೋರಿಸಿದ ಈ ಉಪಾಯ ಎಷ್ಟು ಸರಳ ಅಂದರೆ ನನಗೆ ಲ್ಯಾಬಿನಲ್ಲಿ ಮಾಡಿ ತೋರಿಸಬೇಕು ಅನ್ನಿಸಿತ್ತು. ನೊರೆ ರಕ್ತವನ್ನು ಪಕ್ಕಕ್ಕೆ ತಳ್ಳಿ ಗೋಡೆಗೆ ತಾಗುತ್ತದೆ, ಬರೀ ದ್ರವ ಆದರೆ ರಕ್ತದಲ್ಲಿ ಕಲಸಿ ಹೋಗುತ್ತದೆ. ಕಾರ್ಖಾನೆಯಲ್ಲೇ ತಯಾರಾದ ಒಂದೇ ಸಮನೆಯ ನೊರೆಗೆ, ವ್ಯಾರಿತೀನಾ ಅಂತ, ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿದೆ.

ಆದರೆ ದೊಡ್ಡ ವೇನ್‌ಗೆ ಫೋಮ್ ಒಂದನ್ನೇ ನಂಬಿದರೆ ಹೇಗೆ ಅನ್ನೋದಕ್ಕೆ ಬ್ರಿಟನ್ನಿನ ಕ್ಲಾಸ್ ಅಧ್ಯಯನ ಉತ್ತರ ಕೊಟ್ಟಿದೆ. 11 ಆಸ್ಪತ್ರೆ, 798 ಜನ, ಸರ್ಕಾರಿ ದುಡ್ಡು. ಐದು ವರ್ಷದ ಫಲಿತಾಂಶ 2019ರಲ್ಲಿ ಬಂತು: ಜನರೇ ತಮ್ಮ ಕಾಲಿನ ಬಗ್ಗೆ ತುಂಬಿದ ಪ್ರಶ್ನೆಪತ್ರಿಕೆಯ ಪ್ರಕಾರ ಲೇಸರ್ ಮತ್ತು ಆಪರೇಷನ್ ಎರಡೂ ಫೋಮ್‌ಗಿಂತ ಮೇಲು, ಖರ್ಚು ಲಾಭ ತೂಗಿದರೆ ಲೇಸರ್ ಮುಂದೆ. ಈ ಪ್ರಶ್ನೆಪತ್ರಿಕೆ ವಿಷಯ ನನಗೆ ಇಷ್ಟ. ಮೊದಲು ಸ್ಕ್ಯಾನಿನಲ್ಲಿ ನಾಳ ಮುಚ್ಚಿದೆಯಾ ಅಂತ ಮಾತ್ರ ನೋಡುತ್ತಿದ್ದರು, ಈಗ ಕಾಲು ಹೊತ್ತವನನ್ನೂ ಕೇಳುತ್ತಾರೆ.

ಫೋಮ್ ಹಾಗಾದರೆ ಯಾರಿಗೆ? ಸುತ್ತಿಕೊಂಡಿದ್ದು ತಂತಿ ತೂರದ ನಾಳಗಳಿಗೆ, ಮತ್ತೆ ಬಂದವುಗಳಿಗೆ, ಹುಣ್ಣಿನ ಸುತ್ತಲಿನ ನಾಳಗಳಿಗೆ, ವಯಸ್ಸಾಗಿ ಬೇರೇನೂ ತಾಳದವರಿಗೆ. ನಮ್ಮ ಬಣ್ಣದ ಚರ್ಮದಲ್ಲಿ ಇಂಜೆಕ್ಷನ್ ದಾರಿಯುದ್ದಕ್ಕೂ ಕಂದು ಕಲೆ ಉಳಿಯಬಹುದು, ಮಾಯಲು ತಿಂಗಳುಗಳೇ ಬೇಕು. ಅಪರೂಪಕ್ಕೆ ಸ್ವಲ್ಪ ಹೊತ್ತು ಕಣ್ಣು ಮಂಜಾಗುವುದು, ತಲೆನೋವು ಆಗುತ್ತದೆ.

ಚುಚ್ಚದೇನೇ ಮಾಡೋ ದಾರಿ ಇಲ್ವಾ?

ಇದೆ, ಹೈಫು ಅಂತ. ಹೊರಗಿನಿಂದ ಅಲ್ಟ್ರಾಸೌಂಡ್ ಅಲೆಗಳನ್ನು ಒಂದು ಬಿಂದುವಿಗೆ ಕೇಂದ್ರೀಕರಿಸಿ ಒಳಗಿನ ನಾಳ ಬಿಸಿ ಮಾಡುವುದು, ಭೂತಗನ್ನಡಿಯಿಂದ ಬಿಸಿಲು ಹಿಡಿದು ಕಾಗದ ಸುಟ್ಟ ಹಾಗೆ. ಫ್ರಾನ್ಸಿನ ಥೆರಾಕ್ಲಿಯನ್ ಕಂಪನಿಯ ಸೋನೋವೇನ್ ಯಂತ್ರಕ್ಕೆ 2019ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ನಿಧಾನ, ದುಬಾರಿ, ಲೇಸರಿಗೆ ಎದುರು ನಿಲ್ಲಿಸಿ ನೋಡಿದ ದೀರ್ಘಾವಧಿ ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ. ರಕ್ತ ತೆಳು ಮಾಡುವ ಮಾತ್ರೆ ಮೇಲಿರುವವರಿಗೆ, ಹುಣ್ಣಾದ ಕಾಲಿಗೆ ಮುಂದೊಂದು ದಿನ ಉಪಯೋಗ ಆಗಬಹುದು. ಕಾಯುತ್ತಾ ಕೂರಬೇಡಿ.

ಹಾಗಾದರೆ ನಿಜವಾಗಲೂ ಹೊಸದು ಏನು?

ನನ್ನ ಅಭಿಪ್ರಾಯ ಕೇಳಿದರೆ, ಮುಚ್ಚುವ ಸಮಸ್ಯೆ ಮುಕ್ಕಾಲು ಬಗೆಹರಿದಿದೆ. ಈಗಿನ ಒಳ್ಳೆಯ ಸಂಶೋಧನೆ ಕೇಳುತ್ತಿರುವುದು "ಯಾವಾಗ" ಮತ್ತು "ಯಾರಿಗೆ". ಅದರಲ್ಲಿ ನನ್ನನ್ನು ಅಲುಗಾಡಿಸಿದ್ದು ಎವ್ರಾ ಅಧ್ಯಯನ.

ನಮ್ಮ ದೊಡ್ಡಮ್ಮನ ಕಣಕಾಲಿನ ಮೇಲೆ ವೇನ್ ಸೋರಿಕೆಯಿಂದಾದ ಹುಣ್ಣಿತ್ತು. ಆರು ವರ್ಷ. ಅರಿಶಿನ, ಬೇವು, ಮುಲಾಮು, ವಾರಕ್ಕೆರಡು ಡ್ರೆಸ್ಸಿಂಗ್. ವಾಸಿಯಾದಂತೆ ಆಗಿ ಮತ್ತೆ ಬಾಯಿ ಬಿಡುತ್ತಿತ್ತು. "ಮೊದಲು ಹುಣ್ಣು ಒಣಗಲಿ, ಆಮೇಲೆ ನರಕ್ಕೆ ನೋಡೋಣ" ಅಂತ ಎಲ್ಲರೂ ಹೇಳಿದರು. ಆಗ ಡಾಕ್ಟರುಗಳೂ ಹಾಗೇ ನಂಬಿದ್ದರು, ತಪ್ಪು ಯಾರದೂ ಅಲ್ಲ. 2004ರ ಎಸ್ಕಾರ್ ಅಧ್ಯಯನ 500 ಜನರಲ್ಲಿ ತೋರಿಸಿದ್ದು, ಬರೀ ಬಿಗಿ ಪಟ್ಟಿ ಕಟ್ಟಿದರೆ ವಾಸಿಯಾದ ಹುಣ್ಣು ಒಂದು ವರ್ಷದಲ್ಲಿ 28% ಜನರಿಗೆ ಮತ್ತೆ ಬರುತ್ತದೆ, ಪಟ್ಟಿಯ ಜೊತೆ ವೇನ್ ಆಪರೇಷನ್ನೂ ಮಾಡಿದರೆ 12%. ಆದರೆ ಹುಣ್ಣು ಬೇಗ ಒಣಗುವುದರಲ್ಲಿ ಆಗ ವ್ಯತ್ಯಾಸ ಕಾಣಲಿಲ್ಲ.

2018ರಲ್ಲಿ ಎವ್ರಾ ಬಂತು. ಬ್ರಿಟನ್ನಿನ 20 ಆಸ್ಪತ್ರೆ, 450 ಜನ, ಎಲ್ಲರ ಕಾಲಲ್ಲೂ ತೆರೆದ ಹುಣ್ಣು. ಅರ್ಧ ಜನಕ್ಕೆ ಎರಡು ವಾರದೊಳಗೆ ವೇನ್ ಮುಚ್ಚಿದರು, ಉಳಿದವರಿಗೆ ಹುಣ್ಣು ಒಣಗುವ ತನಕ ಅಥವಾ ಆರು ತಿಂಗಳು ಕಾದರು. ಪಟ್ಟಿ ಎರಡೂ ಕಡೆ ಕಟ್ಟಿದರು. ಬೇಗ ಮಾಡಿದವರಲ್ಲಿ ಅರ್ಧ ಜನರ ಹುಣ್ಣು 56 ದಿನದೊಳಗೆ ವಾಸಿಯಾಯಿತು, ಕಾದವರಲ್ಲಿ ಅದಕ್ಕೆ 82 ದಿನ ಬೇಕಾಯಿತು. 24 ವಾರಕ್ಕೆ ಹುಣ್ಣು ವಾಸಿಯಾಗಿದ್ದವರು ಬೇಗ ಮಾಡಿದವರಲ್ಲಿ 85.6%, ಕಾದವರಲ್ಲಿ 76.3%. ಮುಂದೆ ಹುಣ್ಣು ಮರುಕಳಿಸುವುದೂ ಕಡಿಮೆಯಾಯಿತು ಅಂತ ಆಮೇಲಿನ ವರದಿ ಹೇಳಿತು. ಹೊಸ ಮಷೀನ್ ಏನೂ ಇಲ್ಲ ಇದರಲ್ಲಿ, ಇದ್ದದ್ದನ್ನೇ ಬೇಗ ಮಾಡಿದ್ದು. ಹಳ್ಳಿಗಳಲ್ಲಿ ಬಟ್ಟೆ ಸುತ್ತಿಕೊಂಡು ಕೂತ ಎಷ್ಟು ಕಾಲುಗಳಿಗೆ ಈ ಸುದ್ದಿ ತಲುಪಿದೆ ಹೇಳಿ? ಸಕ್ಕರೆ ಕಾಯಿಲೆ ಇದೆ ಅಂದ ಕೂಡಲೇ ಹುಣ್ಣೆಲ್ಲ ಅದರದ್ದೇ ಅಂದುಕೊಂಡು ಸ್ಕ್ಯಾನೇ ಮಾಡಿಸುವುದಿಲ್ಲ. ಕಣಕಾಲಿನ ಒಳಗಿಣ್ಣಿನ ಮೇಲೆ ಕಪ್ಪಾದ ಚರ್ಮ, ಗಟ್ಟಿಯಾದ ಚರ್ಮ, ಅಲ್ಲೇ ಹುಣ್ಣು ಇದ್ದರೆ ವೇನ್ ನೋಡಿಸಿ.

ಗಂಟುಗಳನ್ನು ಮಾತ್ರ ತೆಗೆದು ಮುಖ್ಯ ವೇನ್ ಉಳಿಸಿಕೊಳ್ಳಬಹುದಾ?

ಇದೊಂದು ಬೇರೆ ಪಂಥ. ಫ್ರಾನ್ಸಿನ ಫ್ರಾನ್ಸೆಸ್ಕಿ 1988ರಲ್ಲಿ ಚೀವಾ ಅಂತ ಶುರು ಮಾಡಿದರು, ಉಲ್ಟಾ ಹರಿಯುವ ಕೆಲವು ಜಾಗ ಮಾತ್ರ ಕಟ್ಟಿ ರಕ್ತದ ದಾರಿ ತಿದ್ದುವುದು. ಆಮೇಲೆ ಅಸ್ವಾಲ್, ಅದು ಗಂಟುಗಳನ್ನು ಮೊದಲು ತೆಗೆದು ಮುಖ್ಯ ವೇನ್ ತಾನೇ ಸುಧಾರಿಸುತ್ತದಾ ನೋಡುವುದು. ಕಾಯಿಲೆ ಚಿಕ್ಕದಿದ್ದಾಗ ಕೆಲವರಲ್ಲಿ ಸುಧಾರಿಸುತ್ತದೆ ಕೂಡ. ಆದರೆ ಕೈಚಳಕ ಮತ್ತು ಸ್ಕ್ಯಾನ್ ಓದುವ ಪರಿಣತಿ ಬಹಳ ಬೇಕು.

ಇದಕ್ಕೆ ತಿರುವುಮುರುವು ಪ್ರಶ್ನೆ, ಮುಖ್ಯ ವೇನ್ ಮುಚ್ಚಿದಾಗ ಗಂಟನ್ನೂ ಅದೇ ದಿನ ತೆಗೆಯಬೇಕಾ? ಲಂಡನ್ನಿನಲ್ಲಿ 101 ಜನರ ಮೇಲೆ ನಡೆದ ಅವುಲ್ಸ್ ಅಧ್ಯಯನದಲ್ಲಿ ಕಾದು ನೋಡಿದ ಗುಂಪಿನ 36% ಜನಕ್ಕೆ ಆಮೇಲೆ ಮತ್ತೆ ಕೆಲಸ ಮಾಡಬೇಕಾಯಿತು, ಒಟ್ಟಿಗೇ ಮಾಡಿಸಿಕೊಂಡವರಲ್ಲಿ 2%. ಇದನ್ನು ಇನ್ನೊಂದು ಕಡೆಯಿಂದಲೂ ಓದಬಹುದು ನೋಡಿ: ಕಾದವರಲ್ಲಿ 64% ಜನಕ್ಕೆ ಬೇಕೇ ಆಗಲಿಲ್ಲ. ನಾನು ಒಂದೇ ದಿನ ಮುಗಿಸಿಕೊಂಡೆ, ಎರಡು ಸಲ ರಜೆ ಹಾಕುವ ತಾಳ್ಮೆ ಇರಲಿಲ್ಲ.

ಬಿಗಿ ಸಾಕ್ಸ್ ಹಾಕಿದರೆ ವಾಸಿಯಾಗುತ್ತಾ? ಆದ ಮೇಲೆ ಎಷ್ಟು ದಿನ ಹಾಕಬೇಕು?

ವಾಸಿಯಾಗುವುದಿಲ್ಲ, ಹಾಕಿದಷ್ಟು ಹೊತ್ತು ಆರಾಮ. ಚಿಕಿತ್ಸೆಯ ಮಾರ್ಗಸೂಚಿ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ ಹೇಳಿದೆ, ಬೇರೆ ಚಿಕಿತ್ಸೆ ಹೊಂದುವವರಿಗೆ ಬರೀ ಸಾಕ್ಸ್ ಕೊಟ್ಟು ಕಳಿಸಬೇಡಿ, ಮೊದಲು ಶಾಖ, ಆಗದಿದ್ದರೆ ಫೋಮ್, ಅದೂ ಆಗದಿದ್ದರೆ ಆಪರೇಷನ್ ಅಂತ.

ಆದ ಮೇಲಿನ ಸಾಕ್ಸ್ ಬಗ್ಗೆ ಅಭಿಪ್ರಾಯ ಸಡಿಲವಾಗುತ್ತಿದೆ. 206 ಜನರ ಕೊಮೆಟಾ ಅಧ್ಯಯನದಲ್ಲಿ ಮೊದಲ ಐದು ದಿನದ ನೋವು ಸ್ವಲ್ಪ ಕಡಿಮೆಯಾಯಿತು, ಅದೂ ಗಂಟು ತೆಗೆಸಿಕೊಂಡವರಲ್ಲಿ. ಅದರ ಆಚೆಗೆ ಲಾಭ ಕಾಣಲಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ ತೊಡೆವರೆಗೆ ಸಾಕ್ಸ್ ಹಾಕಿ ಆರು ವಾರ ಇರಿ ಅಂದರೆ ಯಾರು ಇರುತ್ತಾರೆ? ಒಂದು ವಾರ ಅಂದರೆ ಇರಬಹುದು. ಇನ್ನೊಂದು, ಕಾಲಿಗೆ ಶುದ್ಧ ರಕ್ತ ಬರುವ ನಾಳವೇ ಕಟ್ಟಿಕೊಂಡವರು, ಹೆಚ್ಚಾಗಿ ಬೀಡಿ ಸಿಗರೇಟಿನವರು ಮತ್ತು ಸಕ್ಕರೆ ಕಾಯಿಲೆಯವರು, ಪರೀಕ್ಷೆ ಮಾಡಿಸದೆ ಬಿಗಿ ಸಾಕ್ಸ್ ಹಾಕಬಾರದು.

ರಕ್ತ ಹೆಪ್ಪುಗಟ್ಟುತ್ತೆ ಅಂತ ಹೆದರಿಸ್ತಾರೆ. ನಿಜಾನಾ?

ಆಗಬಹುದು, ಆದರೆ ಕಡಿಮೆ. ಮುಚ್ಚಿದ ವೇನ್‌ನ ಹೆಪ್ಪು ಆಳದ ವೇನ್ ಕಡೆಗೆ ಸ್ವಲ್ಪ ಚಾಚಿಕೊಳ್ಳುವುದಕ್ಕೆ ಡಾಕ್ಟರುಗಳು ಇಹಿಟ್ ಅನ್ನುತ್ತಾರೆ. ಅದಕ್ಕೇ ಕೆಲವು ಕಡೆ ಒಂದು ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಎಲ್ಲರಿಗೂ ರಕ್ತ ತೆಳು ಮಾಡುವ ಇಂಜೆಕ್ಷನ್ ಕೊಡಬೇಕಾ ಬೇಡವಾ ಅನ್ನೋದಕ್ಕೆ ಬ್ರಿಟನ್ನಿನಲ್ಲಿ ಥ್ರೈವ್ ಅನ್ನುವ ಅಧ್ಯಯನ 6 ಸಾವಿರಕ್ಕೂ ಜಾಸ್ತಿ ಜನರ ಗುರಿ ಇಟ್ಟುಕೊಂಡು ಶುರುವಾಯಿತು. ಅಷ್ಟು ಜನ ಯಾಕೆ ಬೇಕು ಅಂದರೆ ತೊಂದರೆ ಅಷ್ಟು ಅಪರೂಪ, ಸಣ್ಣ ಗುಂಪಿನಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ನೀವು ಮಾಡಬೇಕಾದ್ದು ಅದೇ ದಿನದಿಂದ ನಡೆಯುವುದು. ದುಬೈ, ಅಮೆರಿಕಕ್ಕೆ ಟಿಕೆಟ್ ಮಾಡಿಸಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಕೆಲವು ವಾರ ಮುಂದೂಡಿ ಅನ್ನಬಹುದು. ಮೀನಖಂಡ ಏಕಾಏಕಿ ಊದಿ ನೋವಾದರೆ, ಉಸಿರು ಕಟ್ಟಿದರೆ, ಎದೆ ನೋವಾದರೆ ತಕ್ಷಣ ಆಸ್ಪತ್ರೆ.

ಮಾತ್ರೆ, ಎಣ್ಣೆ, ಜಿಗಣೆ?

ಡಯೋಸ್ಮಿನ್ ಥರದ ಮಾತ್ರೆ ಊತ, ಭಾರ, ನೋವು ಕಡಿಮೆ ಮಾಡುತ್ತದೆ. ಸೋರುವ ಕವಾಟ ರಿಪೇರಿ ಮಾಡುವುದಿಲ್ಲ. ಎಣ್ಣೆ ಹಚ್ಚಿದರೆ ಚರ್ಮಕ್ಕೆ ಒಳ್ಳೆಯದು. ಜಿಗಣೆ ಕಚ್ಚಿದ ಗಾಯ ಇಂಥ ಕಾಲಲ್ಲಿ ಬೇಗ ಒಣಗುವುದಿಲ್ಲ, ಬೇಡ.

ಮಾಡಿಸಿದ ಮೇಲೆ ಮತ್ತೆ ಬರುತ್ತಾ?

ಬರಬಹುದು. ಮುಚ್ಚಿದ್ದು ತೆರೆದುಕೊಳ್ಳಬಹುದು, ಇಲ್ಲವೇ ಪಕ್ಕದ ಇನ್ನೊಂದು ವೇನ್ ಕೆಡಬಹುದು. ಗೋಡೆಯ ಗುಣ ಮನೆತನದ್ದು ಅಂದ ಮೇಲೆ ಒಂದು ನಾಳ ಮುಚ್ಚಿದರೆ ಉಳಿದವಕ್ಕೆ ಬುದ್ಧಿ ಬರುವುದಿಲ್ಲ. "ಲೈಫ್‌ಟೈಮ್ ಗ್ಯಾರಂಟಿ" ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಮತ್ತೆ ಬಂದಾಗ ಫೋಮ್, ಲೇಸರ್ ಎರಡನ್ನೂ ಮತ್ತೆ ಮಾಡಬಹುದು ಅನ್ನೋದು ಸಮಾಧಾನ.

ಜೇಡರ ಬಲೆ ಥರ ನೀಲಿ ಗೆರೆ ಇದೆ, ನೋವಿಲ್ಲ. ಮಾಡಿಸಲೇಬೇಕಾ?

ಬೇಡ. ನೋಡಲು ಚೆನ್ನಾಗಿಲ್ಲ ಅನ್ನಿಸಿದರೆ ಮಾಡಿಸಿ, ಅದು ಅಂದದ ವಿಷಯ. ಸೋರುವ ವೇನ್ ಇಲ್ಲದೆ ಲೇಸರಿಗೆ ಹತ್ತಿಸುವುದು ಅಮೆರಿಕದಲ್ಲಿ ಎಷ್ಟು ಜಾಸ್ತಿಯಾಯಿತೆಂದರೆ ಅಲ್ಲಿನ ತಜ್ಞರ ಸಂಘಗಳೇ ಸೇರಿ 2020ರಲ್ಲಿ ಯಾವಾಗ ಮಾಡಬೇಕು, ಯಾವಾಗ ಮಾಡಲೇಬಾರದು ಅಂತ ಪಟ್ಟಿ ಹಾಕಿದವು.

ಬಸುರಿಯಲ್ಲಿ ಶುರುವಾಗಿದೆ. ಈಗಲೇ ಮಾಡಿಸಬಹುದಾ?

ಕಾಯಿರಿ ತಾಯಿ. ಹೆರಿಗೆಯಾಗಿ ಕೆಲವು ತಿಂಗಳಲ್ಲಿ ಬಹಳಷ್ಟು ಇಳಿಯುತ್ತದೆ. ಆಗಲೂ ಉಳಿದರೆ ಸ್ಕ್ಯಾನ್ ಮಾಡಿಸಿ. ಅಲ್ಲಿಯವರೆಗೆ ಸಾಕ್ಸ್, ಕಾಲು ಎತ್ತಿ ಮಲಗುವುದು.

ಇನ್ಶೂರೆನ್ಸ್ ಬರುತ್ತಾ?

ಹೆಚ್ಚಿನ ಪಾಲಿಸಿಗಳಲ್ಲಿ ಇದಕ್ಕೆ ಸುಮಾರು ಎರಡು ವರ್ಷದ ಕಾಯುವ ಅವಧಿ ಇರುತ್ತದೆ, ಓದಿ ನೋಡಿ. ರಾತ್ರಿ ಉಳಿಯದೆ ಮುಗಿಯುವ ಕೆಲಸ ಆದ್ದರಿಂದ ಡೇ ಕೇರ್ ಅಂತ ಪಾಲಿಸಿಯಲ್ಲಿ ಇದೆಯಾ, ಗ್ಲೂಗೆ ಮಿತಿ ಇದೆಯಾ ಅಂತ ಮುಂಚೆಯೇ ಬರವಣಿಗೆಯಲ್ಲಿ ಕೇಳಿ. ಗಂಟುಗಳ ಫೋಟೋ ಮಾತ್ರ ಕಳಿಸಿದರೆ ಅಂದಕ್ಕೆ ಮಾಡಿಸಿದ್ದು ಅಂತ ತಿರಸ್ಕರಿಸಬಹುದು. ಸೋರಿಕೆಯ ಸೆಕೆಂಡು ಬರೆದ ಡಾಪ್ಲರ್ ರಿಪೋರ್ಟ್ ಕಳಿಸಿ.

ಸ್ನಾನ ಮಾಡುವಾಗ ಗಂಟು ಒಡೆದು ರಕ್ತ ಚಿಮ್ಮಿತು. ಏನು ಮಾಡಬೇಕು?

ಮೊದಲು ಮಲಗಿ. ನಿಂತೇ ಇದ್ದರೆ, ಕೂತೇ ಇದ್ದರೆ ರಕ್ತ ನಿಲ್ಲುವುದಿಲ್ಲ, ಗಾಬರಿಯಲ್ಲಿ ಎಲ್ಲರೂ ಮಾಡುವುದು ಅದೇ. ನೆಲದ ಮೇಲೇ ಮಲಗಿ ಕಾಲನ್ನು ಬಕೆಟ್ ಮೇಲೋ ಸ್ಟೂಲ್ ಮೇಲೋ ಎದೆಗಿಂತ ಎತ್ತರಕ್ಕೆ ಇಟ್ಟು, ಒಗೆದ ಬಟ್ಟೆಯಿಂದ ಆ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, 10 ನಿಮಿಷ ತೆಗೆದು ನೋಡಬೇಡಿ. ಮೇಲೆ ಹಗ್ಗ ಬಿಗಿಯಬೇಡಿ, ಕಾಫಿಪುಡಿ ಹಾಕಬೇಡಿ. ರಕ್ತ ನಿಂತ ಮೇಲೆ ಬಟ್ಟೆ ಸುತ್ತಿ ಅದೇ ದಿನ ಆಸ್ಪತ್ರೆಗೆ ಹೋಗಿ, ರಕ್ತ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಒಂಟಿಯಾಗಿ ಇರುವ ವಯಸ್ಸಾದವರಿಗೆ ಇದನ್ನು ಮುಂಚೆಯೇ ಹೇಳಿಕೊಟ್ಟಿರಿ, ಬಚ್ಚಲಿನ ಬಾಗಿಲು ಒಳಗಿನಿಂದ ಚಿಲಕ ಹಾಕಬೇಡಿ ಅಂತಲೂ.